ಗುಜರಿ ಕಂಚು: ಕರಗಿಸುವ ಮುನ್ನ ಅದರೊಳಗೆ ಏನಿದೆ ಅಂತ ತಿಳಿಯುವುದು ಹೇಗೆ?

ಮನೆಯ ಹಿತ್ತಲಲ್ಲಿ ಸಣ್ಣ ಕುಲುಮೆ ಕಟ್ಟಿಕೊಂಡು ಲೋಹ ಎರಕ ಹೊಯ್ಯುವ ಹವ್ಯಾಸ ಈಗ ಅಪರೂಪವೇನಲ್ಲ. ಮೂಸೆ, ಬ್ಲೋವರ್, ಗ್ಯಾಸ್ ಬರ್ನರ್ ಎಲ್ಲವೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಹೊಯ್ಯುವುದು ಹೇಗೆ ಅಂತ ತೋರಿಸುವ ವಿಡಿಯೋಗಳಿಗೂ ಬರವಿಲ್ಲ. ಅಲ್ಯೂಮಿನಿಯಂ ಡಬ್ಬ ಕರಗಿಸಿ ಕೈ ಪಳಗಿದವರು ಮುಂದೆ ಹೋಗುವುದು ಕಂಚಿನ ಕಡೆಗೆ. ಹೊಸ ಕಂಚು ದುಬಾರಿ, ಹಾಗಾಗಿ ನೇರ ಗುಜರಿ ಅಂಗಡಿಗೆ. ಅಲ್ಲಿ ಹಳದಿಯಾಗಿ ಹೊಳೆಯುವ ಏನನ್ನೋ ಕೈಗಿಟ್ಟು "ಇದು ಪಕ್ಕಾ ಕಂಚು ಸಾರ್" ಅಂದರೆ ನಂಬಬೇಕೋ ಬೇಡವೋ?

ಅಂಗಡಿಯವನು ಸುಳ್ಳು ಹೇಳುತ್ತಿದ್ದಾನೆ ಅಂತಲ್ಲ. ಅವನ ಲೆಕ್ಕದಲ್ಲಿ ಅದು ಕಂಚೇ. ತೊಂದರೆ ಏನೆಂದರೆ ಕಂಚು ಎನ್ನುವುದು ಒಂದು ಲೋಹದ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು. ಆ ಮನೆತನದಲ್ಲಿ ಮೂಸೆಯೊಳಗೆ ತಣ್ಣಗೆ ಕರಗುವವರೂ ಇದ್ದಾರೆ, ಬಿಳಿ ಹೊಗೆ ಎಬ್ಬಿಸಿ ಜ್ವರ ಬರಿಸುವವರೂ ಇದ್ದಾರೆ, ಸೀಸ ಅಡಗಿಸಿಟ್ಟುಕೊಂಡವರೂ ಇದ್ದಾರೆ. ಕರಗಿಸುವವರ ಶ್ವಾಸಕೋಶ, ಆಮೇಲೆ ಆ ಲೋಹದ ಲೋಟದಲ್ಲಿ ಕುಡಿಯುವವರ ಹೊಟ್ಟೆ, ಎರಡೂ ಈ ವ್ಯತ್ಯಾಸದ ಮೇಲೆ ನಿಂತಿವೆ.

ಹೆಸರಿನಲ್ಲೇ ಗೊಂದಲ

ಶಾಲೆಯಲ್ಲಿ ಓದಿದ್ದು ಸರಳ: ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಇದು ತಪ್ಪಲ್ಲ, ಆದರೆ ವ್ಯಾಪಾರ ಈ ನಿಯಮವನ್ನು ಎಂದೂ ಪಾಲಿಸಿಲ್ಲ. "ಮ್ಯಾಂಗನೀಸ್ ಬ್ರಾಂಝ್" ಎಂಬ ಹೆಸರಿನ ಲೋಹದಲ್ಲಿ ಸುಮಾರು 58 ಭಾಗ ತಾಮ್ರ, 39 ಭಾಗದಷ್ಟು ಸತು. ಅಂದರೆ ಅದು ಅಪ್ಪಟ ಹಿತ್ತಾಳೆ. "ಕಮರ್ಷಿಯಲ್ ಬ್ರಾಂಝ್" ಅನ್ನುವುದೂ 90 ಭಾಗ ತಾಮ್ರ, 10 ಭಾಗ ಸತು. ತವರದ ಸುಳಿವೇ ಇಲ್ಲ. ಅಲ್ಯೂಮಿನಿಯಂ ಬ್ರಾಂಝ್, ಸಿಲಿಕಾನ್ ಬ್ರಾಂಝ್‌ಗಳ ಹೆಸರಲ್ಲೇ ಅವುಗಳ ಗುಟ್ಟು ಇದೆ.

ನಮ್ಮ ವರ್ಕ್‌ಶಾಪುಗಳಲ್ಲಿ ಹೆಚ್ಚು ಓಡಾಡುವ ಹೆಸರು "ಗನ್ ಮೆಟಲ್". ಹಿಂದೆ ಫಿರಂಗಿ ಎರಕಕ್ಕೆ ಬಳಸುತ್ತಿದ್ದ ಕಂಚಿನಿಂದ ಬಂದ ಹೆಸರು ಇದು. ಹಳೆಯ ಪಾಕದಲ್ಲಿ 88 ಭಾಗ ತಾಮ್ರ, 10 ಭಾಗ ತವರ, 2 ಭಾಗ ಸತು. ಇಂದು ವಾಲ್ವ್, ಪಂಪಿನ ಭಾಗಗಳಲ್ಲಿ ಸಾಮಾನ್ಯವಾಗಿ ಇರುವುದು 85-5-5-5ರ ಪಾಕ: ತಾಮ್ರ 85, ತವರ 5, ಸತು 5, ಸೀಸ 5. ಎರಡನ್ನೂ ಗನ್ ಮೆಟಲ್ ಅಂತಲೇ ಕರೆಯುತ್ತಾರೆ. ಆ ಕೊನೆಯ 5 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಇನ್ನು ಗಂಟೆ, ತಾಳ, ಜಾಗಟೆ, ಬಡಿದು ಮಾಡಿದ ಊಟದ ಕಂಚಿನ ತಟ್ಟೆ. ಇವು ಸುಮಾರು 78 ಭಾಗ ತಾಮ್ರ, 22 ಭಾಗ ತವರದ ಆಸುಪಾಸಿನವು. ತವರ ಇನ್ನೂ ಹೆಚ್ಚಿ ಮೂರನೇ ಒಂದು ಭಾಗದಷ್ಟಾದರೆ ಲೋಹ ಬೆಳ್ಳಿಯಂತೆ ಬಿಳಿಯಾಗಿ ಕನ್ನಡಿಯಾಗುತ್ತದೆ. ಕೇರಳದ ಆರನ್ಮುಳ ಕನ್ನಡಿ ಇದೇ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಈ ಕನ್ನಡಿಯ ಲೋಹವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನೋಡಿದರೆ ಕಂಚು ಅನಿಸುವುದೇ ಇಲ್ಲ, ಆದರೆ ಪುಸ್ತಕದ ಲೆಕ್ಕದಲ್ಲಿ ಇದೇ ಅಪ್ಪಟ ಕಂಚು!

ಬಣ್ಣ, ನಾದ, ಹುಣಸೆಹಣ್ಣು

ಗುಜರಿ ಅಂಗಡಿಯಲ್ಲಿ ಕೇಳಿಬರುವ ಪರೀಕ್ಷೆಗಳು ಕೆಲವಿವೆ. ಪೂರ್ತಿ ತಳ್ಳಿಹಾಕುವಂಥವಲ್ಲ, ಆದರೆ ಅವು ಹೇಳುವುದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ಬಣ್ಣ: ಮೇಲಿನ ಕಿಲುಬನ್ನು ಅರದಿಂದ ಉಜ್ಜಿ ಒಳಗಿನ ಹೊಸ ಲೋಹ ನೋಡಬೇಕು. ತವರ 5 ಭಾಗವಿದ್ದರೆ ತಾಮ್ರದ ಕೆಂಪು ಇನ್ನೂ ಕಾಣುತ್ತದೆ, 10ರ ಹೊತ್ತಿಗೆ ಹೊಂಬಣ್ಣ, 20 ದಾಟಿದರೆ ಬಿಳಿಚಿದ ಹಳದಿ. ಆದರೆ ಸತು ಕೂಡ ಕೆಂಪಿನಿಂದ ಹಳದಿಗೆ ಇದೇ ದಾರಿಯಲ್ಲಿ ಕರೆದೊಯ್ಯುತ್ತದೆ. 10 ಭಾಗ ತವರದ ಕಂಚನ್ನೂ 15-20 ಭಾಗ ಸತುವಿನ ಹಿತ್ತಾಳೆಯನ್ನೂ ಅಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಅಲ್ಯೂಮಿನಿಯಂ ಕಂಚಂತೂ ಚಿನ್ನದಂತೆ ಹೊಳೆದು ಎಲ್ಲರನ್ನೂ ಮೋಸ ಮಾಡುತ್ತದೆ.

ನಾದ: ಗಟ್ಟಿ ದನಿಗೆ "ಕಂಚಿನ ಕಂಠ" ಅನ್ನುವುದು ಸುಮ್ಮನೆ ಅಲ್ಲ. ತವರ ಹೆಚ್ಚಿದ ಕಂಚು ಗಡಸು, ಅದರೊಳಗೆ ಕಂಪನ ಬೇಗ ಸಾಯುವುದಿಲ್ಲ, ಹಾಗಾಗಿ ದನಿ ಬಹಳ ಹೊತ್ತು ಉಳಿಯುತ್ತದೆ. ಸೀಸ ಬೆರೆತರೆ ಆ ದನಿ ಮಂಕಾಗುತ್ತದೆ. ಆದರೆ ನಾದ ಆಕಾರದ ಮೇಲೂ ನಿಂತಿದೆ. ತೆಳು ಹಿತ್ತಾಳೆ ಬಟ್ಟಲು ಚೆನ್ನಾಗಿಯೇ ಉಲಿಯುತ್ತದೆ. ದಪ್ಪ ಗೋಡೆಯ ಬುಷ್ ಎಷ್ಟೇ ಅಪ್ಪಟ ಕಂಚಾದರೂ "ಠಕ್" ಅಂದು ಸುಮ್ಮನಾಗುತ್ತದೆ. ಬಿರುಕು ಬಿಟ್ಟ ಗಂಟೆಯದೂ ಇದೇ ಕಥೆ.

ಹುಣಸೆಹಣ್ಣು ತಿಕ್ಕಿದಾಗ ಹೊಳೆದರೆ ಕಂಚು ಅನ್ನುವವರಿದ್ದಾರೆ. ಹುಣಸೆಯ ಆಮ್ಲ ತಾಮ್ರದ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ಅಷ್ಟೇ. ತಾಮ್ರ, ಹಿತ್ತಾಳೆ, ಕಂಚು ಮೂರೂ ಹೊಳೆಯುತ್ತವೆ. ಅಯಸ್ಕಾಂತ ಸ್ವಲ್ಪ ವಾಸಿ: ಬಲವಾಗಿ ಅಂಟಿದರೆ ಅದು ಲೇಪನ ಹಾಕಿದ ಕಬ್ಬಿಣ. ಬಲವಾದ ನಿಯೋಡಿಮಿಯಂ ಅಯಸ್ಕಾಂತ ಸಣ್ಣಗೆ ಎಳೆದರೆ ಕಬ್ಬಿಣ ಬೆರೆತ ಅಲ್ಯೂಮಿನಿಯಂ ಕಂಚು ಅಥವಾ ಮ್ಯಾಂಗನೀಸ್ ಕಂಚು ಇರಬಹುದು. ಎಳೆಯಲೇ ಇಲ್ಲ ಅಂದರೆ ಏನೂ ತಿಳಿದಂತಾಗಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಸುಳಿವು ಒಂದಿದೆ, ಅದನ್ನು ಜನ ಕೇಳುವುದೇ ಕಡಿಮೆ: ಇದು ಹಿಂದೆ ಏನಾಗಿತ್ತು? ನಲ್ಲಿಯಾಗಿದ್ದರೆ ಬಹುಪಾಲು ಹಿತ್ತಾಳೆ, ಸೀಸದ ಜೊತೆಗೆ. ವಾಲ್ವ್ ಆಗಿದ್ದರೆ ಗನ್ ಮೆಟಲ್. ವರ್ಮ್ ಗೇರಿನ ಚಕ್ರವಾಗಿದ್ದರೆ ಸಾಮಾನ್ಯವಾಗಿ ಫಾಸ್ಫರ್ ಬ್ರಾಂಝ್, ಅಂದರೆ ತವರದ ಕಂಚಿಗೆ ಒಂದು ಚಿಟಿಕೆ ರಂಜಕ. ಯಂತ್ರದ ಬುಷ್ ಆಗಿದ್ದರೆ ಸೀಸ ಇದೆ ಅಂತಲೇ ತಿಳಿಯಿರಿ. ಹಡಗಿನ ಪ್ರೊಪೆಲ್ಲರ್ ತುಂಡಾಗಿದ್ದರೆ ನಿಕ್ಕಲ್-ಅಲ್ಯೂಮಿನಿಯಂ ಕಂಚು ಅಥವಾ ಮ್ಯಾಂಗನೀಸ್ ಕಂಚು. ಎರಕದ ಮೇಲೆ ಐಎಸ್ 318 ಎಂಬ ಗುರುತು ಕಂಡರೆ ಅದು ಸೀಸ ಬೆರೆತ ತವರದ ಕಂಚಿನ ಭಾರತೀಯ ಮಾನಕ. ಆಕಾರ ಕಳೆದುಕೊಂಡ ಗಟ್ಟಿಗಿಂತ, ಏನೆಂದು ಗುರುತು ಹಿಡಿಯಬಹುದಾದ ಮುರುಕು ಭಾಗವನ್ನು ಕೊಳ್ಳುವುದು ಯಾವಾಗಲೂ ಜಾಣತನ. ಹಾಗೆಯೇ, ಮೇಲೆ ಅಕ್ಷರ ಕೊರೆದ ಹಳೆಯ ಗಂಟೆಯೋ ದೀಪವೋ ಸಿಕ್ಕರೆ ಅದನ್ನು ಮೂಸೆಗೆ ಹಾಕುವ ಯೋಚನೆ ಬಿಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಆರ್ಕಿಮಿಡೀಸನ ದಾರಿ, ಮನೆಯ ತಕ್ಕಡಿಯಲ್ಲಿ

ಮನೆಯಲ್ಲೇ, ಖರ್ಚಿಲ್ಲದೆ, ಅಂಕಿ ಹೇಳುವ ಪರೀಕ್ಷೆ ಒಂದೇ: ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಲೋಹ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ತಾಮ್ರ 8.96. 10 ಭಾಗ ತವರದ ಕಂಚು ಸುಮಾರು 8.8. ಗಂಟೆ ಕಂಚು 8.6ರ ಸುತ್ತ. ಸಿಲಿಕಾನ್ ಕಂಚು 8.5. ಸಾಮಾನ್ಯ ಹಳದಿ ಹಿತ್ತಾಳೆ 8.4ರಿಂದ 8.5. ಅಲ್ಯೂಮಿನಿಯಂ ಕಂಚು 7.6ರ ಹತ್ತಿರ.

ಮಾಡುವ ವಿಧಾನ ಹೀಗೆ. ಲೋಹದ ತುಂಡನ್ನು ಜಿಡ್ಡು, ಬಣ್ಣ ಇಲ್ಲದಂತೆ ಸೋಪಿನಲ್ಲಿ ತೊಳೆದು ಒಣಗಿಸಿ ತೂಕ ಮಾಡಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಡಬ್ಬ ಇಟ್ಟು ಸೊನ್ನೆಗೆ ತನ್ನಿ. ತುಂಡನ್ನು ತೆಳು ದಾರಕ್ಕೆ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ತೂಗಾಡಿಸಿ. ಈಗ ತಕ್ಕಡಿ ತೋರಿಸುವುದು ಆ ತುಂಡು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನೀರು ಮೇಲಕ್ಕೆ ತಳ್ಳಿದಷ್ಟೇ ಬಲದಿಂದ ಲೋಹವೂ ನೀರನ್ನು ಕೆಳಕ್ಕೆ ಒತ್ತುತ್ತದಲ್ಲ, ಅದೇ ಇದು. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಒಂದು ಪಂಪಿನ ಬುಷ್ 436 ಗ್ರಾಂ ತೂಗಿ, ನೀರಿನಲ್ಲಿ ತಕ್ಕಡಿ 49.6 ಅಂತ ತೋರಿಸಿದರೆ 436 ಭಾಗಿಸು 49.6, ಅಂದರೆ 8.79. ಅದೇ ತೂಕದ ಹಿತ್ತಾಳೆಯಾಗಿದ್ದರೆ 51.9 ತೋರಿಸಬೇಕಿತ್ತು, ಅಲ್ಯೂಮಿನಿಯಂ ಕಂಚಾಗಿದ್ದರೆ 57ಕ್ಕೂ ಹೆಚ್ಚು.

ಅಡುಗೆಮನೆಯ ತಕ್ಕಡಿ ಸಾಕೇ? ತುಂಡು ದೊಡ್ಡದಿದ್ದರೆ ಮಾತ್ರ. 100 ಗ್ರಾಂ ಕಂಚು ತಳ್ಳುವ ನೀರು 11.4 ಗ್ರಾಂ. ಒಂದೊಂದೇ ಗ್ರಾಂ ಲೆಕ್ಕದಲ್ಲಿ ತೋರಿಸುವ ತಕ್ಕಡಿ 11 ಅಂದರೆ ಉತ್ತರ 9.1, ತಾಮ್ರಕ್ಕಿಂತಲೂ ಭಾರ. 12 ಅಂದರೆ 8.3, ಹಿತ್ತಾಳೆಗಿಂತಲೂ ಹಗುರ! 0.1 ಗ್ರಾಂವರೆಗೆ ಅಳೆಯುವ ಪುಟ್ಟ ತಕ್ಕಡಿ ಇದ್ದರೆ ಈ ತಾಪತ್ರಯ ತಪ್ಪುತ್ತದೆ. ತುಂಡಿನ ಮೂಲೆಗಳಲ್ಲಿ ಗಾಳಿಗುಳ್ಳೆ ಅಂಟಿಕೊಳ್ಳದಂತೆ ನೋಡಿಕೊಳ್ಳಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಗುಳ್ಳೆ ಬಿಡುತ್ತದೆ.

ಈಗ ಮಿತಿಗಳ ಮಾತು, ಏಕೆಂದರೆ ಈ ಪರೀಕ್ಷೆಯ ಮೇಲೆ ಅತಿಯಾದ ನಂಬಿಕೆ ಇಡುವವರೇ ಜಾಸ್ತಿ. ಲೋಹದಲ್ಲಿ ಎರಡೇ ಧಾತು ಇವೆ, ಅವು ಯಾವುವು ಅನ್ನುವುದೂ ಗೊತ್ತು ಅಂದಾಗ ಮಾತ್ರ ಸಾಂದ್ರತೆಯಿಂದ ಪ್ರಮಾಣ ಹೇಳಬಹುದು. ಮೂರು ಸೇರಿದರೆ ಆಟ ಕೆಡುತ್ತದೆ. ಸತು ಸಾಂದ್ರತೆಯನ್ನು ಇಳಿಸುತ್ತದೆ, 11.3 ಸಾಂದ್ರತೆಯ ಸೀಸ ಏರಿಸುತ್ತದೆ. ಎರಡೂ ಇದ್ದರೆ ಒಂದನ್ನೊಂದು ಮರೆಮಾಚುತ್ತವೆ. ಹಾಗಾಗಿಯೇ 85-5-5-5ರ ಗನ್ ಮೆಟಲ್ಲೂ ಸೀಸವೇ ಇಲ್ಲದ 10 ಭಾಗ ತವರದ ಕಂಚೂ ನೀರಿನ ಡಬ್ಬದಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಎರಕದೊಳಗಿನ ಗಾಳಿರಂಧ್ರಗಳು ಅಂಕಿಯನ್ನು ಇನ್ನಷ್ಟು ಇಳಿಸುತ್ತವೆ. ಫ್ಯಾನ್, ಸಣ್ಣ ಮೋಟರುಗಳಲ್ಲಿ ಇರುವ ಎಣ್ಣೆ ಕುಡಿದ ಬುಷ್‌ಗಳು ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು. ಒಳಗೆಲ್ಲ ಸೂಕ್ಷ್ಮ ರಂಧ್ರ, ಹಾಗಾಗಿ 6.5ರ ಸುತ್ತಮುತ್ತ ತೋರಿಸಿ ದಾರಿ ತಪ್ಪಿಸುತ್ತವೆ.

ಇಷ್ಟಾದರೂ ನೀರಿನ ಡಬ್ಬ ಎರಡು ಕೆಲಸ ಚೆನ್ನಾಗಿ ಮಾಡುತ್ತದೆ: ಅಲ್ಯೂಮಿನಿಯಂ ಕಂಚನ್ನು ಬೇರೆ ಮಾಡುತ್ತದೆ, ಹಳದಿ ಹಿತ್ತಾಳೆಯನ್ನು ಬೇರೆ ಮಾಡುತ್ತದೆ. ಉಳಿದದ್ದಕ್ಕೆ ಬೇರೆ ಸಾಕ್ಷಿ ಬೇಕು.

ಬೆಂಕಿ ಹೇಳುವುದು

ಸತು ಇದೆಯೇ ಅಂತ ನೋಡಲು ಕಡಲೆಕಾಳಿನಷ್ಟು ಚೂರು ಸಾಕು. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಟಾರ್ಚಿನ ಜ್ವಾಲೆಯಲ್ಲಿ ಕರಗಿಸಿ. ಸತು 907 ಡಿಗ್ರಿಗೇ ಕುದಿಯುತ್ತದೆ. ತಾಮ್ರ ಕರಗುವುದೇ 1085ಕ್ಕೆ. ಹಾಗಾಗಿ ಹಿತ್ತಾಳೆ ಕರಗುವ ಹೊತ್ತಿಗೆ ಸತು ಆವಿಯಾಗಿ, ಗಾಳಿಯಲ್ಲಿ ಉರಿದು, ದಟ್ಟ ಬಿಳಿ ಹೊಗೆಯಾಗುತ್ತದೆ. ಸುತ್ತಲೂ ಹತ್ತಿಯಂಥ ಬಿಳಿ ಪುಡಿ ಕೂರುತ್ತದೆ. ಹೊಗೆ ದಟ್ಟವಾಗಿದ್ದರೆ ಹಿತ್ತಾಳೆ. ಅಷ್ಟಿಷ್ಟು ಬಂದರೆ ಗನ್ ಮೆಟಲ್. ಬಹುತೇಕ ಇಲ್ಲವೇ ಇಲ್ಲ ಅಂದರೆ ತವರದ ಕಂಚು. ಬೆರಿಲಿಯಂ ಇರಬಹುದೆಂಬ ಸಣ್ಣ ಅನುಮಾನವಿದ್ದರೂ ಈ ಪರೀಕ್ಷೆ ಬೇಡ, ಅದರ ಬಗ್ಗೆ ಕೆಳಗೆ ಹೇಳಿದ್ದೇನೆ.

ಈ ಬಿಳಿ ಹೊಗೆಯನ್ನು ಮೂಸೆಗಟ್ಟಲೆ ಕುಡಿದವರಿಗೆ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಶುರುವಾಗುತ್ತದೆ. ಇದೇ ಲೋಹದ ಹೊಗೆ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಫ್ಲೂ ಅಂದುಕೊಂಡು ಸುಮ್ಮನಿದ್ದುಬಿಡುವವರೂ ಇದ್ದಾರೆ. ಹಾಲು ಕುಡಿದು ಕೆಲಸಕ್ಕೆ ಇಳಿದರೆ ಏನೂ ಆಗದು ಎಂಬ ನಂಬಿಕೆ ವೆಲ್ಡಿಂಗ್ ಮಾಡುವವರಲ್ಲಿ ಇದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ತಡೆಯಬಲ್ಲದ್ದು ಗಾಳಿಯ ಹರಿವು ಮತ್ತು ಲೋಹದ ಹೊಗೆಗೆಂದೇ ಇರುವ ರೆಸ್ಪಿರೇಟರ್ ಮಾತ್ರ.

ಸುತ್ತಿಗೆಯೂ ಸಾಕ್ಷಿ ಹೇಳುತ್ತದೆ. ತೆಳು ತುಂಡನ್ನು ಬಡಿದಾಗ ಬಾಗದೆ ಗಾಜಿನಂತೆ ಮುರಿದು, ಮುರಿದಲ್ಲಿ ಬೂದು-ಬಿಳಿ ಕಣಗಳು ಕಂಡರೆ ತವರ ಹೆಚ್ಚಿರುವ ಗಂಟೆ ಕಂಚು ಇರಬೇಕು. ಕಂಚುಗಾರರು ತಟ್ಟೆಯನ್ನು ಕೆಂಪಗೆ ಕಾಯಿಸಿಯೇ ಬಡಿಯುವುದು, ಆಮೇಲೆ ನೀರಿಗೆ ಅದ್ದಿ ಆ ಒಡೆಯುವ ಗುಣವನ್ನು ತಗ್ಗಿಸುವುದು ಇದಕ್ಕೇ.

ಸೀಸ ಎಂಬ ಅಡಗಿದ ಅತಿಥಿ

ಸೀಸ ತಾಮ್ರದಲ್ಲಿ ಕರಗಿ ಒಂದಾಗುವುದಿಲ್ಲ. ಕಂಚು ಗಟ್ಟಿಯಾಗುವಾಗ ಅದು ಸಣ್ಣ ಸಣ್ಣ ಹನಿಗಳಾಗಿ ಅಲ್ಲಲ್ಲೇ ಉಳಿಯುತ್ತದೆ. ಬುಷ್‌ಗಳಲ್ಲಿ ಬಳಸುವುದು ಇದೇ ಕಾರಣಕ್ಕೆ: ಆ ಮೆತ್ತನೆಯ ಹನಿಗಳು ಜಾರುವಿಕೆ ಕೊಡುತ್ತವೆ. ಲೇತ್‌ನಲ್ಲಿ ಚಿಪ್ಪು ಸುಲಭವಾಗಿ ತುಂಡಾಗಿ ಬೀಳಲೂ ಸೀಸವೇ ಕಾರಣ. ಎರಕದ ಲೋಹ ಅಚ್ಚಿನ ಮೂಲೆಮೂಲೆಗೆ ಹರಿಯಲೂ ಅದು ನೆರವಾಗುತ್ತದೆ. ಚೋಳರ ಕಾಲದ ಅನೇಕ ವಿಗ್ರಹಗಳು ಸೀಸ ಬೆರೆತ ಕಂಚು ಎಂದು ವಿಶ್ಲೇಷಣೆಗಳು ತೋರಿಸಿವೆ. ಪಂಚಲೋಹ ಅಂದ ಕೂಡಲೇ ಚಿನ್ನ, ಬೆಳ್ಳಿಯನ್ನಷ್ಟೇ ನೆನೆಯುವ ನಾವು ಈ ಐದನೆಯವನನ್ನು ಮರೆತಿರುತ್ತೇವೆ.

ಬೇರೆಯಾಗಿ ಉಳಿದ ಆ ಹನಿಗಳೇ ಅಪಾಯವೂ ಹೌದು. ಮೊಸರು, ನಿಂಬೆ, ಹುಣಸೆ ತಾಗಿದಾಗ ಮೇಲ್ಮೈಯಲ್ಲಿರುವ ಸೀಸ ಕರಗಿ ಆಹಾರಕ್ಕೆ ಇಳಿಯಬಲ್ಲದು. ಗುಜರಿ ಬುಷ್ ಕರಗಿಸಿ ಮಾಡಿದ ಸೌಟು, ಲೋಟ, ಮಗುವಿನ ಆಟಿಕೆ ಯಾವುದೂ ಬೇಡ. ಅಭಿಷೇಕ ಮಾಡಿ ತೀರ್ಥ ಕುಡಿಯುವ ಉದ್ದೇಶದ ವಿಗ್ರಹಕ್ಕೂ ಇದೇ ಮಾತು. ಪಂಚಾಮೃತದಲ್ಲಿ ಮೊಸರು ಇದೆಯಲ್ಲ. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು, ಹೆಚ್ಚು ಪೆಟ್ಟು ತಿನ್ನುವುದು ಮಕ್ಕಳ ಮಿದುಳು. ಕರಗಿಸುವವರಿಗೂ ಬಿಡುಗಡೆ ಇಲ್ಲ. 1100 ಡಿಗ್ರಿಯ ಮೂಸೆಯಿಂದ ಸೀಸದ ಆವಿ ಏಳುತ್ತದೆ, ಪುಡಿ ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತದೆ. ಸತುವಿನ ಹೊಗೆ ಆ ರಾತ್ರಿಯೇ ಜ್ವರ ಬರಿಸಿ ಎಚ್ಚರಿಸುತ್ತದೆ. ಸೀಸಕ್ಕೆ ಆ ಮರ್ಯಾದೆಯೂ ಇಲ್ಲ, ಸದ್ದಿಲ್ಲದೆ ಮೂಳೆಯಲ್ಲಿ ಸೇರಿಕೊಳ್ಳುತ್ತದೆ.

ಇನ್ನೊಂದು ಹೆಸರು ಬೆರಿಲಿಯಂ ತಾಮ್ರ. ಸುಮಾರು 2 ಭಾಗ ಬೆರಿಲಿಯಂ ಇರುವ ಇದು ಸ್ಪ್ರಿಂಗ್, ವಿದ್ಯುತ್ ಸಂಪರ್ಕದ ಪಟ್ಟಿಗಳು, ಕಿಡಿ ಹಾರದ ಸ್ಪ್ಯಾನರ್‌ಗಳಲ್ಲಿ ಸಿಗುತ್ತದೆ. ಗಟ್ಟಿಯಾಗಿ ಕೈಯಲ್ಲಿ ಹಿಡಿದರೆ ಏನೂ ಇಲ್ಲ. ಉಜ್ಜಿದ ಪುಡಿ, ಕರಗಿಸಿದ ಹೊಗೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ತರಬಲ್ಲವು. ಇದರ ಸಾಂದ್ರತೆ 8.3ರ ಆಸುಪಾಸು, ಅಂದರೆ ಹಿತ್ತಾಳೆಯ ಪಕ್ಕದಲ್ಲೇ. ಮೂಲ ತಿಳಿಯದ, ಕಬ್ಬಿಣದಷ್ಟು ಗಡಸಾದ, ಚಿಮ್ಮುವ ಗುಣದ ಹೊಂಬಣ್ಣದ ತುಂಡು ಸಿಕ್ಕರೆ ಅರ ಹಾಕದೆ ಅಂಗಡಿಗೇ ಹಿಂತಿರುಗಿಸಿ.

ಖಚಿತ ಉತ್ತರ ಬೇಕಿದ್ದರೆ

ರಸಾಯನಶಾಸ್ತ್ರದ ಹಳೆಯ, ಸೊಗಸಾದ ವಿಧಾನವೊಂದಿದೆ. ಕಂಚಿನ ಪುಡಿಯನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ತಾಮ್ರ, ಸತು, ಸೀಸ ಎಲ್ಲವೂ ಕರಗಿ ದ್ರಾವಣ ನೀಲಿ-ಹಸಿರಾಗುತ್ತದೆ. ತವರ ಮಾತ್ರ ಕರಗದೆ ಬಿಳಿ ಆಕ್ಸೈಡ್ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಕಾಯಿಸಿ, ತೂಗಿ 0.788ರಿಂದ ಗುಣಿಸಿದರೆ ತವರದ ತೂಕ. ಒಂದು ಗ್ರಾಂ ಕಂಚಿನಿಂದ 0.127 ಗ್ರಾಂ ಬಿಳಿ ಪುಡಿ ಬಂದರೆ ತವರ 10 ಭಾಗ. ಸೋಸಿದ ದ್ರಾವಣಕ್ಕೆ ಗಂಧಕಾಮ್ಲ ಬೆರೆಸಿದಾಗ ಮತ್ತೆ ಬಿಳಿ ಒತ್ತರ ಕೂತರೆ ಅದು ಸೀಸದ ಸಲ್ಫೇಟ್. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ. ಏಳುವ ಕಂದು ಅನಿಲ ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದಾಗ ಸುಮ್ಮನಿದ್ದು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಪರಿಚಯದ ಕೆಮಿಸ್ಟ್ರಿ ಮೇಷ್ಟ್ರು ಇದ್ದರೆ ಕಾಲೇಜಿನ ಪ್ರಯೋಗಾಲಯದಲ್ಲಿ, ಹೊಗೆ ಹೀರುವ ಕಪಾಟಿನೊಳಗೆ ಮಾಡಿಸಬಹುದು.

ಅದಕ್ಕಿಂತ ಸುಲಭದ ದಾರಿ ಎಕ್ಸ್‌ಆರ್‌ಎಫ್ ಯಂತ್ರ. ಎಕ್ಸ್‌ಕಿರಣ ಹಾಯಿಸಿದಾಗ ಪ್ರತಿ ಧಾತುವೂ ತನ್ನದೇ ಆದ ಎಕ್ಸ್‌ಕಿರಣವನ್ನು ಮರಳಿಸುತ್ತದೆ, ಅದನ್ನು ಅಳೆದು ಯಂತ್ರ ಪ್ರಮಾಣ ಹೇಳುತ್ತದೆ. ಚಿನ್ನದ ಹಾಲ್‌ಮಾರ್ಕಿಂಗ್ ಕೇಂದ್ರಗಳಲ್ಲಿ, ದೊಡ್ಡ ಆಭರಣದಂಗಡಿಗಳಲ್ಲಿ ಕ್ಯಾರಟ್ ಮೀಟರ್ ಅನ್ನುವುದು ಇದನ್ನೇ. ಚಿನ್ನಕ್ಕೆ ಹೊಂದಿಸಿದ ಯಂತ್ರ ಕಂಚಿನ ವಿಷಯದಲ್ಲಿ ಒಂದೆರಡು ಭಾಗ ಆಚೀಚೆ ಹೇಳಬಹುದು, ಆದರೆ ಸೀಸ ಇದೆಯೋ ಇಲ್ಲವೋ ಅನ್ನುವುದಕ್ಕೆ ಸಾಕು. ದೊಡ್ಡ ಗುಜರಿ ವ್ಯಾಪಾರಿಗಳ ಬಳಿ ಕೈಯಲ್ಲಿ ಹಿಡಿಯುವ ಯಂತ್ರವೂ ಇರುತ್ತದೆ. ಎರಡು ವಿಷಯ ಗಮನದಲ್ಲಿರಲಿ. ಈ ಕಿರಣ ನೋಡುವುದು ಕೂದಲೆಳೆಯಷ್ಟು ಆಳ ಮಾತ್ರ, ಆದ್ದರಿಂದ ಕಿಲುಬು, ಲೇಪನ ತೆಗೆದು ಹೊಸ ಲೋಹ ತೋರಿಸಬೇಕು. ಮತ್ತು ಅಲ್ಯೂಮಿನಿಯಂ, ಸಿಲಿಕಾನ್‌ನಂಥ ಹಗುರ ಧಾತುಗಳಲ್ಲಿ ಇದು ದುರ್ಬಲ, ಬೆರಿಲಿಯಂ ಅಂತೂ ಕಾಣುವುದೇ ಇಲ್ಲ. "ತಾಮ್ರ 98" ಅಂತ ಬಂದ ಗಡಸು ತುಂಡನ್ನು ಅನುಮಾನದಿಂದಲೇ ನೋಡಬೇಕು.

ನನ್ನ ಸಲಹೆ ಕೇಳಿದರೆ, ಗುಜರಿಯನ್ನು ಬಾಗಿಲ ಹಿಡಿ, ಗೂಟ, ಅಲಂಕಾರದ ಗೊಂಬೆಗಳಿಗೆ ಇಟ್ಟುಕೊಳ್ಳಿ. ಒಂದೇ ಮೂಲದ ತುಂಡುಗಳನ್ನು ಒಟ್ಟಿಗೆ ಕರಗಿಸಿ, ಗಟ್ಟಿ ಮಾಡಿ, ಮೇಲೆ ಗುರುತು ಹಾಕಿಡಿ; ಅಲ್ಯೂಮಿನಿಯಂ ಕಂಚನ್ನು ತವರದ ಕಂಚಿನ ಜೊತೆ ಬೆರೆಸಬೇಡಿ, ಒಂದಿಷ್ಟು ಅಲ್ಯೂಮಿನಿಯಂ ಸೇರಿದರೂ ಎರಕ ಕೆಡುತ್ತದೆ. ತುಂಡಿನೊಳಗೆ ನೀರಿನ ಪಸೆ ಇದ್ದರೆ ಕರಗಿದ ಲೋಹ ಸಿಡಿಯುತ್ತದೆ, ಮೊದಲು ಕಾಯಿಸಿ ಒಣಗಿಸಿ. ಊಟಕ್ಕೋ ಪೂಜೆಗೋ ಬಳಸುವ ವಸ್ತು ಆಗಬೇಕಿದ್ದರೆ ಸುಲಿದ ತಾಮ್ರದ ತಂತಿ 900 ಗ್ರಾಂ, ಶುದ್ಧ ತವರ 100 ಗ್ರಾಂ ಕೊಂಡು ನೀವೇ ಬೆರೆಸಿ. ತಾಮ್ರ ಕರಗಿದ ಮೇಲೆ ತವರ ಹಾಕಿ ಕಲಕಿದರೆ ಆಯಿತು. ತವರ ಅಂತ ಸೋಲ್ಡರ್ ತಂತಿ ಕೊಡುವವರಿದ್ದಾರೆ, ಹಳೆಯ ಬಗೆಯ ಸೋಲ್ಡರಿನಲ್ಲಿ ನೂರಕ್ಕೆ 40 ಭಾಗ ಸೀಸವೇ ಇರುತ್ತದೆ.